ಸದ್ದಿಲ್ಲದ ಬಾಗಿಲು

ಮಗಳು ತಮ್ಮ ಮೇಜಿನ ಕಡೆಗೇ ಬರುತ್ತಿದ್ದಾಳೆ ಅನ್ನಿಸಿದಾಗ ಮರಗೆಲಸದ ಮೇಷ್ಟ್ರು ಅಂಗಿಯ ಕಾಲರು ಸರಿಮಾಡಿಕೊಂಡರು. ಶಾಲೆಯ ಹಾಲ್‌ನಲ್ಲಿ ಕಿವಿ ಗಡಚಿಕ್ಕುವ ಗದ್ದಲ. ಪ್ರತಿ ವರ್ಷ ಪಾಠಗಳು ಶುರುವಾಗಿ ಒಂದು ವಾರಕ್ಕೆ ಹೀಗೊಂದು ಮಧ್ಯಾಹ್ನ ಬರುತ್ತದೆ. ಒಂದೊಂದು ಕ್ಲಬ್ಬಿಗೆ ಒಂದೊಂದು ಮೇಜು, ಮೇಜಿನ ಹಿಂದೆ ಒಬ್ಬ ಮೇಷ್ಟ್ರು ಇಲ್ಲವೇ ಟೀಚರು. ವರ್ಷವಿಡೀ ಮಕ್ಕಳನ್ನು ಗದರಿಸಿ ಕೂರಿಸುವವರೆಲ್ಲ ಅವತ್ತು ತರಕಾರಿ ಮಾರುವವರ ಹಾಗೆ ನಗುಮುಖ ಹೊತ್ತು ಗಿರಾಕಿಗೆ ಕಾಯುತ್ತಾರೆ. ಚದುರಂಗದ ಮೇಜಿನಲ್ಲಿ ಗಣಿತದ ಮೇಷ್ಟ್ರು ಬೇರೆ ದಾರಿಯಿಲ್ಲದೆ ತಮ್ಮ ವಿರುದ್ಧ ತಾವೇ ಆಡುತ್ತಿದ್ದರು.

ಮರಗೆಲಸದ ಮೇಜಿನ ಮೇಲೆ ಒಂದು ಪುಟ್ಟ ಸ್ಟೂಲು, ಪೆನ್ನಿಡುವ ಡಬ್ಬಿ, ಮತ್ತೆ ಒಂದೂ ಮೊಳೆಯಿಲ್ಲದೆ ಜೋಡಿಸಿದ ಪೆಟ್ಟಿಗೆ ಇದ್ದವು. ಪೆಟ್ಟಿಗೆಯ ಮುಚ್ಚಳಕ್ಕೆ ಬೆರಳು ತಾಕಿಸಿದರೆ ಸಾಕು, ಅದು ತನ್ನಷ್ಟಕ್ಕೆ ಮೆಲ್ಲಗೆ ಇಳಿದು ಮುಚ್ಚಿಕೊಳ್ಳುತ್ತಿತ್ತು. ಮೇಷ್ಟ್ರ ರಜೆಯೆಲ್ಲ ಆ ಮುಚ್ಚಳಕ್ಕೇ ಕಳೆದಿತ್ತು. ಯಾರ ಕಣ್ಣಿಗೆ ಬೀಳಲಿ ಎಂದು ಅಷ್ಟು ಒದ್ದಾಡಿದರೋ ಅವಳು ಈಗ ಗೆಳತಿಯರ ಜೊತೆ ಮೇಜಿನ ಮುಂದೆ ನಿಂತಿದ್ದಳು.

"ಮುಟ್ಟಬಹುದಾ ಸರ್?" ಎಂದಳು ಒಬ್ಬ ಗೆಳತಿ.

"ಧಾರಾಳವಾಗಿ ಮುಟ್ಟಮ್ಮ."

ಹುಡುಗಿ ಮುಚ್ಚಳವನ್ನು ಪೂರ್ತಿ ಎತ್ತಿ ನಿಲ್ಲಿಸಿದಳು. ಮಗಳೂ ನೋಡಿದಳು. ಅವಳ ಕೈ ಒಂದು ಗಳಿಗೆ ಪೆಟ್ಟಿಗೆಯ ಹತ್ತಿರ ಬಂದದ್ದನ್ನು ಮೇಷ್ಟ್ರು ಗಮನಿಸಿದರು. ಆಮೇಲೆ ಅವಳು ಗೆಳತಿಯ ತೋಳು ಹಿಡಿದೆಳೆದು, "ಬಾರೇ, ನಾಟಕದ ಮೇಜು ಅಲ್ಲಿದೆ, ಜಾಗ ತುಂಬಿಹೋಗತ್ತೆ," ಎಂದು ಹೊರಟೇಹೋದಳು. ಮೇಷ್ಟ್ರು ತೆರೆದೇ ಉಳಿದಿದ್ದ ಮುಚ್ಚಳವನ್ನು ತಾವೇ ಮುಚ್ಚಿದರು.

ಈ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ಗೋಂದು. ಬೆರಳ ಸಂದಿಯಲ್ಲಿ ಸದಾ ಒಣಗಿದ ಅಂಟು ಮೆತ್ತಿಕೊಂಡಿರುತ್ತಿದ್ದದ್ದೇ ಅದಕ್ಕೆ ಕಾರಣ. ಅವರಿಗೆ ಅದರಿಂದ ಬೇಸರವಿರಲಿಲ್ಲ. ಆದರೆ ಮಗಳು ಇದೇ ಹೈಸ್ಕೂಲಿಗೆ ಸೇರಿದ ಮೇಲೆ ಹುಡುಗರು ಅವಳನ್ನು "ಗೋಂದಿನ ಮಗಳು" ಎಂದು ಕರೆಯತೊಡಗಿದರು. ಹದಿನಾಲ್ಕರ ಹುಡುಗಿಗೆ ಅಷ್ಟು ಸಾಲದೇ? ಅವಳು ಮನೆಯಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಶಾಲೆಯಲ್ಲಿ ಪುಟ್ಟಿ ಅನ್ನಬಾರದು, ತಾನೂ ಅಪ್ಪ ಅನ್ನುವುದಿಲ್ಲ, ಸರ್ ಅನ್ನುತ್ತೇನೆ, ಹೋಗುವಾಗ ಬರುವಾಗ ಅವರು ಮುಂದೆ ತಾನು ಹಿಂದೆ. ಮೇಷ್ಟ್ರು ತಲೆಯಾಡಿಸಿ ಒಪ್ಪಿಕೊಂಡಿದ್ದರು. ಅವತ್ತಿನಿಂದ ಬೆಳಿಗ್ಗೆ ರಸ್ತೆಯ ತಿರುವಿನಲ್ಲಿ ಷೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿ, ಅವಳು ಹಿಂದೆ ಬರುತ್ತಿದ್ದಾಳೋ ಇಲ್ಲವೋ ಎಂದು ಕದ್ದು ನೋಡುತ್ತಿದ್ದರು.

ಇದೇ ಹುಡುಗಿ ಚಿಕ್ಕವಳಿದ್ದಾಗ ಅವರ ಕೆಲಸದ ಬೆಂಚು ಬಿಟ್ಟು ಕದಲುತ್ತಿರಲಿಲ್ಲ. ಕೀಸುಳಿ ತಳ್ಳಿದಾಗ ಮರದಿಂದ ಸುರುಳಿಸುರುಳಿಯಾಗಿ ಬರುವ ಸಿಪ್ಪೆಯನ್ನು ಕೈಗೆ ಬಳೆಯೆಂದು ಹಾಕಿಕೊಂಡು, ಮುರಿದರೆ ಇನ್ನೊಂದು ಕೊಡೆಂದು ಪ್ರಾಣ ತಿನ್ನುತ್ತಿದ್ದಳು. ಆಗ ಮೇಷ್ಟ್ರು, "ಕೆಲಸ ಮಾಡೋಕೆ ಬಿಡ್ತೀಯೋ ಇಲ್ವೋ," ಎಂದು ಗದರಿದ್ದೂ ಉಂಟು.

"ಅವಳು ನಿಮ್ಮ ಕ್ಲಬ್ಬಿಗೆ ಬರಲ್ಲ. ಆಸೆ ಇಟ್ಕೊಂಡು ಕೂರಬೇಡಿ," ಎಂದಳು ಹೆಂಡತಿ ಅವತ್ತು ಸಂಜೆ. ಆಕೆ ಆಸ್ಪತ್ರೆಯಲ್ಲಿ ನರ್ಸು, ದಿನವಿಡೀ ಸುತ್ತಿ ಬಳಸಿ ಮಾತಾಡುವ ಡಾಕ್ಟರುಗಳ ನಡುವೆ ಇದ್ದು ಮನೆಯಲ್ಲಿ ನೇರವಾಗಿಯೇ ಮಾತಾಡುತ್ತಿದ್ದಳು. "ನಾನು ಆ ವಯಸ್ಸಲ್ಲಿ ನಮ್ಮಪ್ಪ ಎದುರು ಬಂದ್ರೆ ರಸ್ತೆ ದಾಟ್ತಿದ್ದೆ."

"ನಾನೇನು ಕೇಳಿದ್ನಾ?"

"ಕೇಳಲಿಲ್ಲ. ನಿಮ್ಮ ಮುಖ ಕೇಳ್ತಾ ಇದೆ."

ಅಷ್ಟರಲ್ಲಿ ಒಳಗಿನ ಕೋಣೆಯ ಬಾಗಿಲು ಧಡಾರೆಂದು ಬಡಿಯಿತು. ಮಗಳು ಈಚೆಗೆ ಬಾಗಿಲು ಮುಚ್ಚುತ್ತಲೇ ಇರಲಿಲ್ಲ, ಬಡಿಯುತ್ತಿದ್ದಳು. ಮೇಷ್ಟ್ರಿಗೆ ಅದು ಸ್ವಂತ ಬೆನ್ನಿಗೆ ಬಿದ್ದ ಹಾಗೆ ಆಗುತ್ತಿತ್ತು. "ಮೆಲ್ಲಗೆ ಹಾಕು ಪುಟ್ಟಿ, ಕೀಲು ಸಡಿಲ ಆಗತ್ತೆ," ಎಂದು ಕೂಗಿ ಹೇಳಿದರು. ಇಡೀ ದಿನದಲ್ಲಿ ಅವರು ಮಗಳಿಗೆ ಹೇಳುತ್ತಿದ್ದ ಮಾತು ಹೆಚ್ಚುಕಡಿಮೆ ಅದೊಂದೇ.

ವರ್ಷದ ನಡುವೆ ಒಂದು ಮಧ್ಯಾಹ್ನ ನಾಟಕದ ಟೀಚರು ಮರಗೆಲಸದ ಕೋಣೆಗೆ ಬಂದರು. ದುಂಡು ಮುಖದ, ಕೂತಲ್ಲಿ ಕೂರದ ಹೆಂಗಸು. ಮಕ್ಕಳೇ ಸೇರಿ ಒಂದು ನಗೆನಾಟಕ ಬರೆದಿದ್ದಾರೆ, ಅದಕ್ಕೊಂದು ಬಾಗಿಲು ಬೇಕು ಎಂದರು. ಚೌಕಟ್ಟಿನ ಸಮೇತ, ತೆಗೆಯಲು, ಹಾಕಲು ಬರುವಂಥದ್ದು.

"ಮನೆ ತುಂಬ ಕೋಪಿಷ್ಠರು ಸರ್. ಸಿಟ್ಟು ಬಂದವರೆಲ್ಲ ಮನೆ ಬಿಟ್ಟು ಹೋಗ್ತೀನಿ ಅಂತ ಆ ಬಾಗಿಲಿಂದ ಹೋಗ್ತಾರೆ. ಛತ್ರಿ ಮರೆತೆ, ಕನ್ನಡಕ ಮರೆತೆ ಅಂತ ವಾಪಸ್ ಬರ್ತಾರೆ. ಎಲ್ಲರಿಗಿಂತ ಜಾಸ್ತಿ ಹೋಗಿ ಬರೋದು ನಿಮ್ಮ ಮಗಳೇ. ಮುಖ್ಯ ಪಾತ್ರ ಅವಳದ್ದು, ಗೊತ್ತಲ್ಲ?"

ಮೇಷ್ಟ್ರಿಗೆ ಗೊತ್ತಿರಲಿಲ್ಲ. "ಗೊತ್ತು ಗೊತ್ತು," ಎಂದರು.

ಅವರು ಆ ಬಾಗಿಲನ್ನು ಕ್ಲಬ್ಬಿನ ಹುಡುಗರ ಕೈಗೆ ಕೊಡಲಿಲ್ಲ. ಲ್ಯಾಬಿನ ಹಳೆ ಕಿಟಕಿ ಕಿತ್ತಾಗ ಉಳಿದ ಒಳ್ಳೆಯ ಮರವನ್ನು ಯಾವುದಕ್ಕೋ ಬೇಕಾದೀತೆಂದು ಎತ್ತಿಟ್ಟಿದ್ದರು, ಅದನ್ನು ಹೊರತೆಗೆದರು. ನಾಟಕಕ್ಕೆ ಒಂದು ಹಲಗೆಗೆ ಬಣ್ಣ ಬಳಿದು ಕೊಟ್ಟಿದ್ದರೂ ನಡೆಯುತ್ತಿತ್ತು. ಆದರೆ ಮಗಳು ದಿನವೂ ಕೈಯಿಡುವ ಬಾಗಿಲು ಅದು. ಹಿಡಿಯಲ್ಲಿ ಒಂದು ಸಿಬಿರು ಉಳಿಯಬಾರದು, ಕೀಲು ಕಿರುಗುಡಬಾರದು, ಒಂದು ಎಳೆಯಷ್ಟೂ ಓರೆಯಾಗಬಾರದು. ಚೌಕಟ್ಟಿನ ಒಳ ಅಂಚಿಗೆ ಅವರು ಉಣ್ಣೆ ಬಟ್ಟೆಯ ಪಟ್ಟಿಯನ್ನೂ ಅಂಟಿಸಿದರು. ಎಷ್ಟು ಜೋರಾಗಿ ತಳ್ಳಿದರೂ ಬಾಗಿಲು ಕೊನೆಯ ಬೆರಳಗಲದಲ್ಲಿ ತಡೆದು, ಪೆಟ್ಟಿಗೆಯ ಮುಚ್ಚಳದಂತೆಯೇ, ಸದ್ದಿಲ್ಲದೆ ಕೂರುತ್ತಿತ್ತು. ಇಷ್ಟು ಚೊಕ್ಕವಾದ ಕೆಲಸ ತಮ್ಮ ಕೈಯಿಂದ ಬಂದು ಎಷ್ಟು ಕಾಲವಾಯಿತು ಎಂದು ಮೇಷ್ಟ್ರಿಗೇ ಸಂತೋಷವಾಯಿತು. ಮಗಳು ಏನಾದರೂ ಅಂದಾಳು ಎಂದು ಕಾದರು.

ಅಂದಳು. ಬಾಗಿಲು ಸಾಗಿಸಿದ ಮಾರನೆಯ ದಿನ ಸಂಜೆ, ಕ್ಲಬ್ಬಿನ ಹುಡುಗರೆಲ್ಲ ಹೋದ ಮೇಲೆ, ಅವಳು ಮರಗೆಲಸದ ಕೋಣೆಯ ಹೊಸ್ತಿಲಲ್ಲಿ ಬಂದು ನಿಂತಳು. ಈ ಶಾಲೆಗೆ ಸೇರಿದ ಮೇಲೆ ಆ ಕೋಣೆಗೆ ಅವಳು ಬಂದದ್ದು ಅದೇ ಮೊದಲು. ಅತ್ತು ಮುಖ ತೊಳೆದುಕೊಂಡಿದ್ದಳು.

"ಬೇಕು ಅಂತಲೇ ಮಾಡಿದ್ದೀರಲ್ಲ?"

"ಏನು?"

"ಆ ಬಾಗಿಲು. ನಾನು ಸಿಟ್ಟಲ್ಲಿ ಧಡ್ ಅಂತ ಹಾಕ್ಕೊಂಡು ಹೋಗಬೇಕು. ಅಲ್ಲೇ ಜನ ನಗಬೇಕಾಗಿರೋದು. ಅದು ಬಡಿಯೋದೇ ಇಲ್ಲ. ಸುಮ್ಮನೆ ಬಂದು ಕೂತ್ಕೊಳತ್ತೆ. ಇವತ್ತು ರಿಹರ್ಸಲಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾಟಕಕ್ಕಲ್ಲ, ನನ್ನ ನೋಡಿ." ಅವಳ ದನಿ ಒಡೆಯಿತು. "ಮನೇಲಿ ಮೆಲ್ಲಗೆ ಹಾಕು, ಮೆಲ್ಲಗೆ ಹಾಕು ಅಂತ ಪ್ರಾಣ ತಿಂತೀರಿ. ಸ್ಟೇಜಲ್ಲೂ ಬುದ್ಧಿ ಕಲಿಸಬೇಕಾ?"

ನಾಟಕದ ಟೀಚರು ಬಾಗಿಲಿನ ಬಗ್ಗೆ ಅಷ್ಟೆಲ್ಲ ಹೇಳಿದ್ದರು. ಸಿಟ್ಟು ಬಂದವರು ಹೋಗುವ ಬಾಗಿಲು ಎಂದು ಬಾಯಿಬಿಟ್ಟು ಹೇಳಿದ್ದರು. ಅದೆಲ್ಲ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಬಾಗಿಲೆಂದ ಮೇಲೆ ಅದು ಚೆನ್ನಾಗಿ ಮುಚ್ಚಬೇಕು, ಅಷ್ಟೇ ಅವರಿಗೆ ಹೊಳೆದದ್ದು.

"ಇಲ್ಲ ಪುಟ್ಟಿ," ಎಂದರು. ಶಾಲೆಯಲ್ಲಿ ಹಾಗೆ ಕರೆಯಬಾರದು ಅನ್ನುವುದು ಮರೆತೇಹೋಗಿತ್ತು. "ನಿನ್ನಾಣೆ. ಚೆನ್ನಾಗಿರಲಿ ಅಂತ ಮಾಡಿದೆ. ನೀನು ಮುಟ್ತೀಯಲ್ಲ ಅಂತ."

ಅವಳು ಮೂಗು ಒರೆಸಿಕೊಂಡು, "ಸರಿ, ಈಗೇನು ಮಾಡೋದು?" ಎಂದಳು.

"ಕೆಡಿಸೋದು. ಬಾ."

ಇಬ್ಬರೂ ಸೇರಿ ಹಾಲ್‌ನಿಂದ ಬಾಗಿಲನ್ನು ಮತ್ತೆ ಹೊತ್ತು ತಂದರು. ಕಾರಿಡಾರಿನ ತಿರುವಿನಲ್ಲಿ "ನಿಮ್ಮ ಕಡೆ ಎತ್ತಿ, ಎತ್ತಿ" ಎಂದು ಅವಳೇ ಯಜಮಾನಿಕೆ ಮಾಡಿದಳು. ಚೌಕಟ್ಟನ್ನು ಗೋಡೆಗೆ ಕಟ್ಟಿ ನಿಲ್ಲಿಸಿ, ಮೇಷ್ಟ್ರು ಉಣ್ಣೆಯ ಪಟ್ಟಿಯ ಒಂದು ತುದಿ ಬಿಡಿಸಿಕೊಟ್ಟರು. ಅವಳು ಉಳಿದದ್ದನ್ನು ಜರ್ರೆಂದು ಕಿತ್ತಳು. ಬಾಗಿಲು ಇನ್ನೂ ಬಡಿಯಲೊಲ್ಲದು, ಅಷ್ಟು ಬಿಗಿಯಾಗಿ ಕೂತಿತ್ತು. ಅಂಚನ್ನು ಸವೆಸಿ ಸಂದು ಮಾಡಬೇಕಿತ್ತು. ಮೇಷ್ಟ್ರು ಕೀಸುಳಿ ಎತ್ತಿಕೊಂಡವರು ಏನೋ ಯೋಚಿಸಿ ಅವಳ ಕೈಗೆ ಕೊಟ್ಟರು.

"ನನಗೆ ಬರಲ್ಲ."

"ಬರತ್ತೆ. ಎರಡೂ ಕೈಲಿ ಹಿಡಿ. ನೂಕಬೇಡ, ಮೈಭಾರ ಬಿಡು."

ಮೊದಲ ಸಲ ಅಲಗು ತಡೆಯಿತು. ಎರಡನೆಯ ಸಲ ತೆಳುವಾದ ಒಂದು ಸಿಪ್ಪೆ ಎದ್ದು ಸುರುಳಿ ಸುತ್ತಿಕೊಂಡಿತು. ಮಗಳು ತುಟಿ ಕಚ್ಚಿಕೊಂಡು ತಳ್ಳಿದಳು, ಹಣೆಯ ಮೇಲೆ ಬಂದ ಕೂದಲನ್ನು ಭುಜದಿಂದ ಸರಿಸಿಕೊಂಡು ಮತ್ತೆ ತಳ್ಳಿದಳು. ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದರು. ಈ ಬಾಗಿಲು ಇವತ್ತಿಗೆ ಸರಿಹೋಗದಿದ್ದರೆ ಒಳ್ಳೆಯದು, ನಾಳೆಯೂ ಬಂದಾಳು ಎಂಬ ದುರಾಸೆ ಅವರಿಗೆ ಹುಟ್ಟಿತು.

"ಈಗ ಹಾಕಿ ನೋಡು."

ಅವಳು ಹಾಕಿದಳು. ಪಟ್ ಎಂದಿತು.

"ಏನಮ್ಮ ಇದು, ಊಟ ಮಾಡಿಲ್ವಾ? ಜೋರಾಗಿ ಹಾಕು."

ಅವಳು ಅಪ್ಪನ ಮುಖ ನೋಡಿದಳು. ಆ ಬಾಯಿಂದ ಆ ಮಾತು ಬರಬಹುದೆಂದು ಅವಳು ಕನಸಲ್ಲೂ ಎಣಿಸಿರಲಿಲ್ಲ. ಬಾಗಿಲನ್ನು ಪೂರ್ತಿ ತೆರೆದು ಬೀಸಿ ಹೊಡೆದಳು. ಗೋಡೆಯ ಮೇಲೆ ತೂಗುಹಾಕಿದ್ದ ಗರಗಸಗಳು ಝಲ್ ಎಂದವು.

"ಇನ್ನೂ ಸಾಲದು. ಮನೇಲಿ ಹಾಕ್ತೀಯಲ್ಲ, ಹಾಗೆ ಹಾಕು."

ಅವಳಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಹೊಡೆದಳು. ಹಿಂದುಗಡೆ ಟೊಳ್ಳು ಪೆಟ್ಟಿಗೆಯೊಂದನ್ನು ಕಟ್ಟಿದರೆ ಇನ್ನೂ ದೊಡ್ಡದಾಗಿ ಕೇಳುತ್ತದೆ ಎಂದು ಅವಳೇ ಹೇಳಿದಳು, ತಬಲಾ ಕ್ಲಬ್ಬಿನವರ ಹತ್ತಿರ ಕೇಳಿದ್ದಳಂತೆ. ಮೇಷ್ಟ್ರು ಒಂದು ಖಾಲಿ ಪೆಟ್ಟಿಗೆ ತಂದು ಜಡಿದರು. ಆಮೇಲಿನ ಹೊಡೆತಕ್ಕೆ ಕಾರಿಡಾರಿನ ಕೊನೆಯಿಂದ ಕಾವಲುಗಾರ ಓಡಿ ಬಂದ. ಏನು ಬಿತ್ತು ಎಂದು ಅವನು ಕೇಳಿದರೆ ಇಬ್ಬರಿಗೂ ಉತ್ತರ ಕೊಡಲಾಗದಷ್ಟು ನಗು. ಮನೆಗೆ ಹೋಗುವಾಗ ಅವಳು ಜೊತೆಯಲ್ಲೇ ನಡೆದಳು. ಕತ್ತಲಾಗುತ್ತಿತ್ತು, ರಸ್ತೆಯಲ್ಲಿ ಶಾಲೆಯವರು ಯಾರೂ ಇರಲಿಲ್ಲ, ಅದೂ ನಿಜ.

"ನಾಳೆ ಬರ್ತೀಯಾ? ಒಂದು ಸ್ಟೂಲು ಶುರು ಮಾಡಬಹುದು," ಎಂದು ಮೇಷ್ಟ್ರು ಕೇಳಿಯೇಬಿಟ್ಟರು. ಕೇಳಬಾರದೆಂದು ದಾರಿಯುದ್ದಕ್ಕೂ ಬಾಯಿ ಬಿಗಿಹಿಡಿದಿದ್ದರು.

"ನಾಳೆ ರಿಹರ್ಸಲ್ ಇದೆಯಲ್ಲ." ಅವಳು ಬ್ಯಾಗನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡಳು. "ದಿನಾ ಇರತ್ತೆ ಅಪ್ಪ ಇನ್ಮೇಲೆ."

"ಹೌದೌದು. ಅದು ಮುಖ್ಯ," ಎಂದರು ಮೇಷ್ಟ್ರು.

ಬಾಗಿಲು ಈಗ ಎಷ್ಟು ಚೆನ್ನಾಗಿ ಬಡಿಯುತ್ತಿತ್ತೆಂದರೆ, ಪ್ರತಿ ಹೊಡೆತಕ್ಕೂ ವೇದಿಕೆಯ ಬಟ್ಟೆಯ ಗೋಡೆಗಳೆಲ್ಲ ಅಲ್ಲಾಡಿಹೋಗುತ್ತಿದ್ದವು. ಹಿಂದಿನಿಂದ ಯಾರಾದರೂ ಚೌಕಟ್ಟನ್ನು ಬಲವಾಗಿ ಹಿಡಿದು ನಿಲ್ಲಬೇಕಾಯಿತು. ಒಬ್ಬ ಗಟ್ಟಿಮುಟ್ಟಾದ ಹುಡುಗನನ್ನು ಕೊಡಿ ಎಂದು ನಾಟಕದ ಟೀಚರು ಕೇಳಿದರು. ಹುಡುಗರು ನಾಟಕ ನೋಡಲಿ ಬಿಡಿ, ನಾನೇ ನಿಲ್ಲುತ್ತೇನೆ ಎಂದರು ಮೇಷ್ಟ್ರು.

ಹೀಗಾಗಿ ನಾಟಕದ ದಿನ ಹಾಲ್‌ ಕಿಕ್ಕಿರಿದಿದ್ದಾಗ, ಹೆಂಡತಿ ರಜೆ ಹಾಕಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಾಗ, ಮಗಳ ನಾಟಕ ಒಂದಿಷ್ಟೂ ಕಾಣದ ಜಾಗದಲ್ಲಿ ಮೇಷ್ಟ್ರು ನಿಂತಿದ್ದರು. ಎರಡು ಕೈಯಲ್ಲೂ ಚೌಕಟ್ಟು ಹಿಡಿದು, ಭುಜವನ್ನು ಅದಕ್ಕೆ ಒತ್ತಿ ಕಾದರು. ಮೂರೇ ಅಡಿ ಅಗಲದ ಕತ್ತಲ ಸಂದು ಅದು. ಆಚೆಯಿಂದ ಮಗಳ ದನಿ ಬರುತ್ತಿತ್ತು, ಮನೆಯಲ್ಲಿ ಎಂದೂ ಕೇಳಿರದಷ್ಟು ಗಟ್ಟಿಯಾಗಿ, ಸಲೀಸಾಗಿ. ಆಮೇಲೆ ಬಾಗಿಲು ತೆರೆದು ಬೆಳಕು ನುಗ್ಗುತ್ತಿತ್ತು, ಅವಳು ನುಗ್ಗುತ್ತಿದ್ದಳು, ಹಿಂದೆಯೇ ಧಡಾರೆಂಬ ಸದ್ದು, ಭುಜಕ್ಕೊಂದು ಏಟು, ಜನರ ನಗು. ಕತ್ತಲಲ್ಲಿ ಅವಳು ತುಟಿಯಲ್ಲೇ ಮುಂದಿನ ಮಾತು ಒಪ್ಪಿಸಿಕೊಳ್ಳುತ್ತ ನಿಂತು, ಸರದಿ ಬಂದಾಗ ಅವರನ್ನು ದಾಟಿ ಮತ್ತೆ ಬೆಳಕಿಗೆ ಹೋಗುತ್ತಿದ್ದಳು. ಹಿಂದೆ ಯಾರು ನಿಂತಿದ್ದಾರೆ ಎನ್ನುವುದು ಅವಳಿಗೆ ನೆನಪಿತ್ತೋ ಇಲ್ಲವೋ.

ಕೊನೆಯ ಸಲ ಹೊರಗೆ ಬಂದಾಗ ಅವಳಿಗೆ ಏದುಸಿರು. ಜನರ ನಗು ನಿಲ್ಲುತ್ತಲೇ ಇರಲಿಲ್ಲ, ಒಳಗಿನವರು ಮಾತು ನಿಲ್ಲಿಸಿ ಕಾಯಬೇಕಾಯಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದು, ತಲೆಯನ್ನು ಮೇಷ್ಟ್ರ ತೋಳಿಗೆ ಆನಿಸಿದಳು. ಅಲ್ಲಿ ಮಾತಾಡುವಂತಿರಲಿಲ್ಲ. ಬೆವರಿದ ಅವಳ ಹಣೆಯ ಬಿಸಿ ಅಂಗಿಯ ಮೂಲಕ ತಾಕಿತು. ಮೇಷ್ಟ್ರಿಗೆ ಅವಳ ತಲೆ ಸವರಬೇಕೆನ್ನಿಸಿತು. ಎರಡೂ ಕೈ ಚೌಕಟ್ಟಿನ ಮೇಲಿದ್ದವು. ಬಿಟ್ಟರೆ ಇಡೀ ಗೋಡೆ ಬೀಳುತ್ತದೆ. ಅವರು ಉಸಿರು ಕೂಡ ಸಣ್ಣದಾಗಿ ಆಡುತ್ತ ನಿಂತರು.

ಒಳಗೆ ಅಜ್ಜಿಯ ಪಾತ್ರದವಳು, "ಊಟಕ್ಕೆ ಬರೋದಾದ್ರೆ ಬರಲಿ, ಬಡಿಸಿ ಆಯ್ತು," ಎಂದಳು. ಮಗಳು ತಲೆಯೆತ್ತಿ, ಲಂಗ ಸರಿಮಾಡಿಕೊಂಡು, ಬಾಗಿಲು ತೆರೆದು ಹೋದಳು.

ರಿಹರ್ಸಲುಗಳಲ್ಲೂ ಚೌಕಟ್ಟು ಹಿಡಿದು ನಿಂತದ್ದರಿಂದ ಮೇಷ್ಟ್ರಿಗೆ ನಾಟಕ ಬಾಯಿಪಾಠವಾಗಿತ್ತು. ಇನ್ನು ಯಾರೂ ಸಿಟ್ಟು ಮಾಡಿಕೊಳ್ಳುವುದಿಲ್ಲ, ಯಾರೂ ಹೊರಗೆ ಬರುವುದಿಲ್ಲ. ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುತ್ತಾರೆ, ಪರದೆ ಬೀಳುತ್ತದೆ. ಬಾಗಿಲಿನ ಆ ಕಡೆ ತಟ್ಟೆಗಳ ಸದ್ದು, ಅವಳ ನಗು ಕೇಳುತ್ತಿತ್ತು. ಚೌಕಟ್ಟನ್ನು ಇನ್ನು ಹಿಡಿಯಬೇಕಾಗಿರಲಿಲ್ಲ. ಮೇಷ್ಟ್ರು ಹಿಡಿದುಕೊಂಡೇ ನಿಂತಿದ್ದರು.