ಎಂಟು ಮೇಲೆ

"ಸೊನ್ನೆಗೆ ನಿಲ್ಸಿ ಬಣ್ಣ ಹಾಕಿದ್ರೆ ಆಯ್ತಾ ಅಕ್ಕಾ?"

ಕೇಳಿದವಳು ಓರಗಿತ್ತಿ, ಮೈದುನನ ಹೆಂಡತಿ. ಎಡಗೈಯಲ್ಲಿ ಬೆಂಕಿಪೆಟ್ಟಿಗೆಯಷ್ಟಿದ್ದ ಆಸಿಲೇಟರ್ ಬೋರ್ಡು, ಬಲಗೈಯಲ್ಲಿ ಪ್ಲಾಸ್ಟಿಕ್ ಸ್ಕ್ರೂಡ್ರೈವರ್. ಕಾರ್ಖಾನೆಯವರೆಲ್ಲ ದೊಡ್ಡಕ್ಕ ಎಂದು ಕರೆಯುವ ಹಿರಿಯವಳು ತನ್ನ ಮೇಜಿನಿಂದ ತಲೆ ಎತ್ತಲಿಲ್ಲ. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಬಣ್ಣ ಒಣಗುತ್ತ ಕೌಂಟರಿನ ಅಂಕಿ ಎಂಟು ಇಳಿಯುತ್ತದೆ. ಅದಕ್ಕೆ ಮೊದಲೇ ಎಂಟು ಮೇಲೆ ಇಟ್ಟಿರಬೇಕು.

"ಹೂಂ, ಸೊನ್ನೆಗೇ," ಅಂದಳು.

ಯಂತ್ರದಿಂದ ಇಳಿದ ಬೋರ್ಡುಗಳು ನೋಡಲು ಒಂದೇ ಅಚ್ಚು, ಗುಣದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಸೆಕೆಂಡಿಗೆ ಇಷ್ಟೇ ಸಲ ಮಿಡಿಯಬೇಕೆಂದರೆ ಒಂದು ಅವಸರಪಟ್ಟು ಜಾಸ್ತಿ ಮಿಡಿಯುತ್ತದೆ, ಇನ್ನೊಂದು ಸೋಮಾರಿಯ ಹಾಗೆ ಹಿಂದೆ ಬೀಳುತ್ತದೆ. ಪ್ರತಿಯೊಂದರ ಮೂಲೆಯಲ್ಲೂ ಒಂದು ಪುಟ್ಟ ತಿರುಪು. ಮಿಡಿತ ಎಣಿಸುವ ಕೌಂಟರಿನಲ್ಲಿ ವ್ಯತ್ಯಾಸ ಸೊನ್ನೆಗೆ ಬರುವವರೆಗೆ ಅದನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸುತ್ತ ಪುಸಲಾಯಿಸಬೇಕು. ಆಮೇಲೆ ತಿರುಪು ಅಲುಗದಂತೆ ಅದರ ಮೇಲೊಂದು ಹನಿ ಕೆಂಪು ಬಣ್ಣ. ಇದುವರೆಗೆ ಇಬ್ಬರೂ ಮಾಡುತ್ತಿದ್ದದ್ದು ಆಟಿಕೆಯ ಬೋರ್ಡುಗಳನ್ನು. ಅವು ಇಪ್ಪತ್ತು ಆಚೀಚೆ ಆದರೂ ಕೇಳುವವರಿರಲಿಲ್ಲ. ಈಗ ಬಂದದ್ದು ಆಸ್ಪತ್ರೆಯ ಯಂತ್ರಗಳಿಗೆ ಹೋಗುವ ಸರಕು, ಮೂರಕ್ಕಿಂತ ಹೆಚ್ಚು ತಪ್ಪಿದರೆ ವಾಪಸ್ಸು. ಈ ಕೆಲಸಕ್ಕೆಂದೇ ಒಳಗೊಂದು ಗಾಜಿನ ಕೋಣೆ ಕಟ್ಟಿದ್ದರು. ಅಲ್ಲಿ ಒಂದೇ ಕುರ್ಚಿ. ಇಬ್ಬರೂ ನಲವತ್ತು ನಲವತ್ತು ಮಾಡಿಡಿ, ಬೆಳಿಗ್ಗೆ ನೋಡಿ ಹೇಳುತ್ತೇನೆ ಎಂದಿದ್ದರು ಸೂಪರ್‌ವೈಸರ್.

ಹನ್ನೊಂದು ವರ್ಷ ಇದೇ ಮೇಜಿನಲ್ಲಿ ಕಣ್ಣು ಸವೆಸಿದವಳಿಗೆ, ನಾಲ್ಕು ತಿಂಗಳ ಹಿಂದೆ ತಾನೇ ಕೈಹಿಡಿದು ಕರೆತಂದವಳ ಜೊತೆ ಪರೀಕ್ಷೆ! ದೊಡ್ಡಕ್ಕನ ಹೊಟ್ಟೆ ಉರಿಯದೆ ಇನ್ನೇನಾದೀತು? ಮನೆಯಲ್ಲೂ ಅದೇ ಕಥೆ. ಇವಳು ಕಾಲಿಟ್ಟ ತಿಂಗಳಲ್ಲೇ ಅತ್ತೆಗೆ ಇವಳ ಕೈರುಚಿ ಹಿಡಿಸಿತು. ದೊಡ್ಡಕ್ಕ ಬಡಿಸಿದ್ದನ್ನು ಇಷ್ಟು ವರ್ಷ ತುಟಿ ಪಿಟಕ್ಕೆನ್ನದೆ ಉಂಡೇಳುತ್ತಿದ್ದ ಮಾವ ಈಗ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಹೆತ್ತ ಮಗಳಿಗೆ ಕೂಡ ಜಡೆ ಹೆಣೆಯಲು ಚಿಕ್ಕಮ್ಮನೇ ಬೇಕು. ಅದೆಲ್ಲವನ್ನೂ ನುಂಗಿಕೊಂಡಿದ್ದಳು. ಈ ಮೇಜೊಂದು ತನ್ನದು ಅಂದುಕೊಂಡಿದ್ದಳು, ಇವಳು ಅದಕ್ಕೂ ಬಂದು ಕೂತಳು. ಜಗಳವಾಡಿ ಹಗುರಾಗೋಣವೆಂದರೆ ಅದಕ್ಕೂ ಆಸ್ಪದ ಕೊಡದ ಹೆಣ್ಣು. ಏನಂದರೂ ಅದೇ ಹಾಳು ನಗು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಓರಗಿತ್ತಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು.

"ಕುರ್ಚಿ ನಿಮ್ಗೇ ಬಿಡಿ ಅಕ್ಕಾ. ಸುಮ್ನೆ ನನ್ನನ್ನೂ ಕೂರ್ಸಿದಾರೆ."

ದೊಡ್ಡಕ್ಕನಿಗೆ ಹೇಳಿಬಿಡಲೇ ಅನ್ನಿಸಿತು. ಆದರೆ ಬಣ್ಣ ಆಗಲೇ ಒಣಗಿ ಹೋಗಿತ್ತು.

ಸೂಪರ್‌ವೈಸರ್ ಮೊದಲು ದೊಡ್ಡಕ್ಕನ ತಟ್ಟೆ ತೆಗೆದುಕೊಂಡರು. ಒಂದು ಮೇಲೆ, ಎರಡು ಕೆಳಗೆ, ಸೊನ್ನೆ, ಮೂರು ಮೇಲೆ. ನಲವತ್ತೂ ಪಾಸು. ಆಮೇಲೆ ಓರಗಿತ್ತಿಯದು. ಎಂಟು ಕೆಳಗೆ. ಎಂಟು ಕೆಳಗೆ. ಓರಗಿತ್ತಿಯ ಮುಖದ ನಗು ಮಾಸುತ್ತ ಬಂತು. ದೊಡ್ಡಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಎಂಟು ಕೆಳಗೆ. ಇಪ್ಪತ್ತು ದಾಟುತ್ತಿದ್ದ ಹಾಗೆ ಸೂಪರ್‌ವೈಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೊನೆಯದನ್ನು ಎರಡು ಸಲ ಅಳೆದರು.

"ನಲವತ್ತಕ್ಕೆ ನಲವತ್ತೂ ಎಂಟು. ಒಂದೂ ಏಳಿಲ್ಲ, ಒಂದೂ ಒಂಬತ್ತಿಲ್ಲ. ಇಂಥ ಕೈ ನಾನು ನೋಡೇ ಇಲ್ಲಮ್ಮ."

"ಎಲ್ಲಾ ಫೇಲಲ್ವಾ ಸಾರ್?" ದೊಡ್ಡಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ.

"ಫೇಲೇ. ಆದ್ರೆ ಎಂಟು ಮೇಲಿಡಿ ಅಂತ ಒಂದ್ಮಾತು ಹೇಳಿದ್ರೆ ನಲವತ್ತೂ ಸೊನ್ನೆಗೆ ಬರ್ತಾವೆ. ನಿಮ್ದು ಪಾಸು, ಸರಿ. ಒಂದು ಅಲ್ಲಿ, ಒಂದು ಇಲ್ಲಿ. ಅದಕ್ಕೆ ಏನ್ ಹೇಳಿ ಸರಿ ಮಾಡ್ಲಿ?" ಅವರು ಎರಡೂ ತಟ್ಟೆಗಳನ್ನು ಪಕ್ಕಪಕ್ಕಕ್ಕಿಟ್ಟರು. ದನಿ ಇಳಿಯಿತು. "ಬಣ್ಣ ಎಂಟು ಇಳ್ಸುತ್ತೆ ಅಂತ ನಿಮ್ಗೆ ಗೊತ್ತಿತ್ತು. ಗೊತ್ತಿಲ್ದಿದ್ರೆ ನಿಮ್ಮವೂ ಎಂಟರ ಹತ್ರಾನೇ ಇರ್ತಿದ್ವು. ಇವ್ರಿಗೆ ಹೇಳ್ಲಿಲ್ವಾ?"

ದೊಡ್ಡಕ್ಕ ತನ್ನ ತಟ್ಟೆಯ ಬೋರ್ಡುಗಳನ್ನು ನೆಟ್ಟಗೆ ಜೋಡಿಸತೊಡಗಿದಳು.

"ಅಕ್ಕ ಹೇಳಿದ್ರು ಸಾರ್," ಎಂದಳು ಓರಗಿತ್ತಿ, ಯಾರ ಮುಖವನ್ನೂ ನೋಡದೆ. "ನಾನೇ ಮರ್ತೆ."

ಕೆನ್ನೆಗೆ ಎರಡು ಬಿಗಿದಿದ್ದರೂ ದೊಡ್ಡಕ್ಕ ತಡೆದುಕೊಳ್ಳುತ್ತಿದ್ದಳು. ಒಳ್ಳೆಯತನದಲ್ಲೂ ಇವಳು ತನಗಿಂತ ಒಂದು ಕೈ ಮೇಲೆಯೇ! ನಾಚಿಕೆಯಿಂದ ಸಾಯುವಂತಾಗಿದ್ದರೂ ಹೊಟ್ಟೆಯುರಿ ಒಂದಿಷ್ಟೂ ತಣ್ಣಗಾಗಿರಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಊಟದ ಬಿಡುವು ಮುಗಿಯುವ ಹೊತ್ತಿಗೆ ಓರಗಿತ್ತಿಯ ಚೀಲ, ನೀರಿನ ಬಾಟಲಿ, ಕೂರುವ ದಿಂಬು ಎಲ್ಲವೂ ಗಾಜಿನ ಕೋಣೆ ಸೇರಿದ್ದವು. ದೊಡ್ಡಕ್ಕ ತನ್ನ ಮೇಜಿನಲ್ಲಿ ನಾಲ್ಕು ಬೋರ್ಡು ಕೆಡಿಸಿದಳು. ಕೊನೆಗೆ ಎದ್ದು, ಯಾರೂ ಕೇಳದಿದ್ದರೂ ಬಣ್ಣದ ಸೀಸೆ ಹಿಡಿದುಕೊಂಡು ಒಳಗೆ ಹೋದಳು.

"ಎಂಟು ಮೇಲಿಡು. ಇನ್ನೇನೂ ಇಲ್ಲ, ಅಷ್ಟೇ," ಎಂದಳು. "ಆಣೆಗೂ ಅಷ್ಟೇ ಕಣೇ."

"ಸರಿ ಅಕ್ಕಾ," ಎಂದಳು ಓರಗಿತ್ತಿ. ನಕ್ಕಳು ಕೂಡ. ಸೀಸೆ ತೆಗೆದುಕೊಂಡು ಪಕ್ಕಕ್ಕಿಟ್ಟಳು.

ಅವಳ ಮುಂದೆ ಒಂದೇ ಒಂದು ಬೋರ್ಡು ಇತ್ತು. ತಿರುಪಿನ ಮೇಲೆ ಕೆಂಪು ಹನಿ ಆಗಲೇ ಬಿದ್ದಿತ್ತು, ಇನ್ನೂ ಹಸಿ. ಪಕ್ಕದ ಕಾಗದದಲ್ಲಿ ಗಂಟೆ ನಿಮಿಷದ ಜೊತೆ ಮೂರು ಅಂಕಿಗಳು: ಸೊನ್ನೆ, ಒಂದು ಕೆಳಗೆ, ಎರಡು ಕೆಳಗೆ. ಕೌಂಟರಿನಲ್ಲಿ ಎರಡು ಕೆಳಗಿದ್ದದ್ದು ಮೂರಾಯಿತು. ಓರಗಿತ್ತಿ ಗಡಿಯಾರ ನೋಡಿ ಮೂರು ಎಂದು ಬರೆದು, ಕೈಕಟ್ಟಿ ಕೂತು, ಅಂಕಿ ಎಲ್ಲಿ ನಿಲ್ಲುತ್ತದೋ ಎಂದು ತಾನೇ ಕಾಯತೊಡಗಿದಳು.