ಆಣೆ ಮುರಿದವನಿಗೊಂದು ನಂಬರು

ಕುಡಿಯುವವನನ್ನು ದೇವರ ಮುಂದೆ ನಿಲ್ಲಿಸಿ, ಕರ್ಪೂರ ಹಚ್ಚಿ ಆಣೆ ಮಾಡಿಸುವುದು ನಮ್ಮ ಕಡೆ ಹೊಸದೇನಲ್ಲ. ಹೊಳೆನರಸೀಪುರದ ಪಕ್ಕದ ನಮ್ಮೂರಿನಲ್ಲಿ ಶಿವಗಂಗಮ್ಮನೂ ಮಗ ಮಂಜೇಶನ ಕೈಲಿ ಹಾಗೇ ಆಣೆ ಮಾಡಿಸಿದಳು.

ಮಂಜೇಶ ತೆಂಗಿನಕಾಯಿ ಕೀಳುವವನು. ಆಣೆಗೆ ಎರಡು ವರ್ಷ ಮೊದಲು ಅವನ ಕಣ್ಣೆದುರೇ ಅಣ್ಣ ರವೀಂದ್ರ ಮರದಿಂದ ಬಿದ್ದು ಸತ್ತ. ಅಂದಿನಿಂದ ಮಂಜೇಶನಿಗೆ ನಿದ್ದೆಯಿಲ್ಲ. ನಿದ್ದೆಗೆಂದು ಶುರುವಾದ ಕುಡಿತ ಬೆಳಿಗ್ಗೆಗೂ ಬಂತು. ಹೆಂಡತಿ ಮಗು ಎತ್ತಿಕೊಂಡು ಅರಕಲಗೂಡಿನ ತವರಿಗೆ ಹೋದಳು. ಊರಿನವರು ಅವನ ಕುಡಿತ ಆಡಿಕೊಂಡರೇ ಹೊರತು ದುಃಖ ಏನೆಂದು ಕೇಳಲಿಲ್ಲ. ನಾನು ಈ ಊರಿನ ಆಶಾ ಕಾರ್ಯಕರ್ತೆ ಪುಷ್ಪಾವತಿ. ನಾನೂ ಕೇಳಲಿಲ್ಲ. ಅಂಗನವಾಡಿ ಗೋಡೆಗೆ ಮನಸ್ಸಿನ ಕಷ್ಟಕ್ಕೆ ಸರ್ಕಾರ ಇಟ್ಟಿರುವ ಸಹಾಯವಾಣಿ ಟೆಲಿ ಮಾನಸ್‌ನ ಚೀಟಿ ಅಂಟಿಸಿ, ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಆಣೆಯಾದ ಮೂರನೇ ದಿನ ಮಂಜೇಶನ ಕೈಕಾಲು ನಡುಗಿತು. "ಅಣ್ಣ ಮೂಲೇಲಿ ನಿಂತವ್ನೆ," ಎಂದು ಕಿರುಚಿದ. ದೇವರ ಮುನಿಸು ಎಂದು ತಾಯಿ ದೋಷ ಕಳೆಯಲು ಪೂಜಾರಿಯಿಂದ ತಡೆ ಒಡೆಸಿದಳು. ತಡೆಯಲಾರದೆ ಅವನು ಮತ್ತೆ ಕುಡಿದ. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದವನು ಅನ್ನ ಮುಟ್ಟಲಿಲ್ಲ.

ಮಾರನೇ ದಿನ ಶಿವಗಂಗಮ್ಮ ನನ್ನ ಮನೆಗೆ ಓಡಿ ಬಂದಳು. "ಆಣೆ ತಪ್ಪಿದೋನು ಬದುಕಬಾರ್ದು ಅಂತಾವ್ನೆ. ಮಗ ನಂಗೆ ದಕ್ಕಾಕಿಲ್ಲ ಕಣೆ ಪುಷ್ಪ!"

ಅವಳ ಜೊತೆ ಓಡಿದೆ. "ದೊಡ್ಡವ್ವ, ಟೆಲಿ ಮಾನಸ್ನೋರ 14416ಕ್ಕೆ ಫೋನ್ ಮಾಡನ. ದುಡ್ಡು ಕೊಡಂಗಿಲ್ಲ. ಕನ್ನಡದಲ್ಲೇ ಮಾತಾಡ್ತಾರೆ."

"ದೇವ್ರಿಗೇ ಬಗ್ಗದೋನು ಫೋನಿಗೆ ಬಗ್ತಾನಾ? ಊರಿಗೆ ಗೊತ್ತಾದ್ರೆ ಮಾನ ಓಯ್ತದೆ."

"ಏಳಿದ್ದು ಗುಟ್ಟಾಗೇ ಇರ್ತದೆ. ಮಾನ ಮಾನ ಅಂತ ಕುಂತ್ರೆ ಮಗನೇ ಓಯ್ತಾನೆ," ಎಂದೆ ಒರಟಾಗಿ.

ನಂಬರು ಒತ್ತಿ ನಡೆದದ್ದನ್ನೆಲ್ಲ ಹೇಳಿ, ಸ್ಪೀಕರ್ ಹಾಕಿ ಫೋನನ್ನು ಅವನ ತಲೆದಿಂಬಿನ ಮೇಲಿಟ್ಟೆ. ಆ ಕಡೆಯ ಹೆಣ್ಣುಮಗಳು ಮೊದಲಿಗೆ ಕುಡಿತದ ಸುದ್ದಿಯನ್ನೇ ಎತ್ತಲಿಲ್ಲ. "ಮಂಜೇಶಣ್ಣ, ನಿದ್ದೆ ಬರದೆ ಇರೋದು ಯಾವಾಗಿಂದ?"

ಅವನು ಫೋನಿನ ಕಡೆ ತಿರುಗಿದ. ಆಮೇಲೆ ಅತ್ತುಬಿಟ್ಟ. "ಅವತ್ತು ಆ ಮರ ನಾನ್ ಹತ್ಬೇಕಿತ್ತು. ನಂಗೆ ಸುಸ್ತು ಅಂದೆ. ಅಣ್ಣ ಹತ್ದ."

"ಇದ ನಂಗ್ಯಾಕ್ಲಾ ಏಳ್ನಿಲ್ಲ?" ಎಂದು ತಾಯಿ ಅವನ ಪಕ್ಕ ಕೂತಳು.

ಫೋನಿನಲ್ಲಿದ್ದವಳು ಸಾವಧಾನವಾಗಿ ಹೇಳಿದಳು. "ಇದು ದೇವರ ಮುನಿಸಲ್ಲಮ್ಮ. ದಿನಾ ಕುಡಿಯೋರು ಒಂದೇ ಸಲ ಬಿಟ್ರೆ ನಡುಕ ಬರುತ್ತೆ, ಇಲ್ಲದವರು ಕಾಣ್ತಾರೆ, ಜೀವಕ್ಕೂ ಅಪಾಯ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಒಬ್ಬರನ್ನೇ ಬಿಡಬೇಡಿ. ಕುಡಿತಕ್ಕೂ ಮನಸ್ಸಿನ ನೋವಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು."

ಅವತ್ತೇ ಸೇರಿಸಿದೆವು, ಮಂಜೇಶ ಒಂದು ವಾರ ಆಸ್ಪತ್ರೆಯಲ್ಲಿದ್ದ. ಈಗ ಮಾತ್ರೆ ನುಂಗುತ್ತಾನೆ, ನನ್ನ ಮೊಬೈಲಿನಲ್ಲೇ ವಿಡಿಯೋದಲ್ಲಿ ಡಾಕ್ಟರ ಹತ್ತಿರ ಮಾತಾಡುತ್ತಾನೆ. ಎಲ್ಲ ಸರಿಹೋಯಿತು ಎಂದು ಸುಳ್ಳು ಹೇಳಲಾರೆ. ಹೆಂಡತಿ ಇನ್ನೂ ಬಂದಿಲ್ಲ. ಅವನು ಮರ ಹತ್ತುವುದಿಲ್ಲ. ಈ ಏಳು ತಿಂಗಳಲ್ಲಿ ಎರಡು ಸಲ ಮತ್ತೆ ಕುಡಿದ. ಎರಡನೇ ಸಲ ಮಾತ್ರ ಯಾರೂ ಹೇಳುವ ಮೊದಲೇ ತಾನೇ ನಂಬರು ಒತ್ತಿದ.

ಅವತ್ತು ಶಿವಗಂಗಮ್ಮ ಅಂದಳು: "ಆಣೆ ಒಂದ್ಸಲ ಮುರುದ್ರೆ ಮುರೀತು ಕಣೆ. ಈ ಫೋನ್ನೋರು ತಪ್ಪಿ ಬಂದೋನ್ನೂ ತಿರ್ಗಾ ಮಾತಾಡುಸ್ತಾರೆ."

ನಿಮ್ಮ ಮನೆಯಲ್ಲೂ ಕುಡಿಯುವವರಿದ್ದರೆ, ಆಣೆಗೆ ಕರೆದೊಯ್ಯುವ ಮೊದಲು ಪಕ್ಕದಲ್ಲಿ ಕೂತು "ನಿನಗೇನು ನೋವು?" ಎಂದು ಕೇಳಿ. ಹಗಲೋ ಇರುಳೋ, 14416 ಒತ್ತಿ. ಮೊಬೈಲ್ ಬಳಸಲು ಬಾರದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯ ಬಾಗಿಲು ತಟ್ಟಿ. ರವೀಂದ್ರ ಸತ್ತ ವಾರವೇ ನಾನು ಆ ಮನೆಗೆ ಹೋಗಬೇಕಿತ್ತು, ಎರಡು ವರ್ಷ ತಡ ಮಾಡಿದೆ. ನೀವು ಇವತ್ತೇ ಕೇಳಿ.