ದೀಪ ದೊಡ್ಡದಾಯಿತು

ಗಂಡ ಮನೆಯಲ್ಲೇ ಬಿಯರ್ ಮಾಡಲು ಶುರುಮಾಡಿದ ಮೇಲೆ ಕಾಲಿಂಗ್ ಬೆಲ್ ಸದ್ದಾದರೆ ಸಾಕು, ಮೈಥಿಲಿಯ ಎದೆ ಧಸಕ್ಕೆನ್ನುತ್ತಿತ್ತು. ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವುದು ಆಗ ಸಿಂಗಪುರದಲ್ಲಿ ಅಪರಾಧವಾಗಿತ್ತು. ತಮ್ಮಂತೆ ಪಿ.ಆರ್.ಗೆ, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿಗೆ, ಅರ್ಜಿ ಹಾಕಿ ಕಾಯುವವರು ರಸ್ತೆಯಲ್ಲಿ ಉಗುಳುವುದಕ್ಕೂ ಹೆದರುವ ಕಾಲ ಅದು. ಈ ಮಹಾಶಯ ಗಿರಿಧರ್ ಮಾತ್ರ ಬುಕಿತ್ ಬಾಟೋಕ್‌ನ ಫ್ಲ್ಯಾಟಿನ ಸ್ಟೋರ್ ರೂಮಿನಲ್ಲೇ ಕಾರ್ಖಾನೆ ತೆರೆದಿದ್ದ. ಎದುರುಮನೆಯ ಚೀನೀ ಆಂಟಿ ಒಮ್ಮೆ ಮಾಲ್ಟ್ ಕುದಿಯುವ ವಾಸನೆಗೆ ಮೂಗರಳಿಸಿ, "ವಾಟ್ ಯೂ ಕುಕಿಂಗ್ ಆಹ್?" ಎಂದು ಕೇಳಿದಾಗ ಮೈಥಿಲಿ "ರಾಗಿ ಆಂಟಿ, ರಾಗಿ!" ಎಂದು ಒದರಿ ಬಾಗಿಲು ಹಾಕಿಕೊಂಡಿದ್ದಳು. ಆಂಟಿಗೆ ರಾಗಿ ಎಂದರೇನೆಂದು ಗೊತ್ತಿರಲಿಲ್ಲ, ಪುಣ್ಯ.

ಇದು ಸಾಲದೆಂಬಂತೆ ಮೈಸೂರಿನಿಂದ ಅತ್ತೆ ಸತ್ಯವತಿ ಬಂದಿಳಿದಿದ್ದರು. ಅವರು ತಂದ ದೇವರಿಗೆ ಆ ಮನೆಯಲ್ಲಿ ಸ್ಟೋರ್ ರೂಮ್ ಬಿಟ್ಟು ಬೇರೆ ಜಾಗವಿರಲಿಲ್ಲ. ಹಾಗಾಗಿ ಒಂದು ಗೋಡೆಗೆ ದೇವರು, ಎದುರು ಗೋಡೆಗೆ ಬಿಯರು. ಬಿಯರ್ ತುಂಬಿಡುವ ಉದ್ದನೆಯ ಎರಡು ಸ್ಟೀಲ್ ಕೆಗ್‌ಗಳು ನೀರಿನ ಫಿಲ್ಟರ್ ಎಂದು ಅತ್ತೆಯನ್ನು ನಂಬಿಸಿದ್ದಾಗಿತ್ತು.

ಅತ್ತೆಯ ಮಾತೇ ಒಂದು ಬಗೆ. ಅವರ ಬಾಯಲ್ಲಿ ಯಾವುದೂ ಮುಗಿಯುವಂತಿಲ್ಲ, ಯಾವುದೂ ಇಲ್ಲವಾಗುವಂತಿಲ್ಲ. "ಕುಂಕುಮ ಖಾಲಿ ಆಯ್ತು ಅತ್ತೆ" ಎಂದದ್ದಕ್ಕೆ, "ಬಿಡ್ತು ಅನ್ನು! ಹೆಚ್ಚಿದೆ ಅನ್ನಬೇಕು" ಎಂದು ಗದರಿಸಿಕೊಂಡಿದ್ದಳು ಮೈಥಿಲಿ. ಜಮ್‌ಶೆಡ್‌ಪುರದ ಕಂಪನಿ ಕ್ವಾರ್ಟರ್ಸಿನಲ್ಲಿ ಬೆಳೆದವಳು; ಖಾಲಿ ಡಬ್ಬಿ ಹಿಡಿದು ಹೆಚ್ಚಿದೆ ಅನ್ನುವ ಕನ್ನಡ ಅವಳಿಗೆ ಎಲ್ಲಿಂದ ಬರಬೇಕು!

ಆ ಸಂಜೆ ಅತ್ತೆ ದೇವರ ಮುಂದೆ ನೆಲದ ಮೇಲೆ ದೀಪ ಹಚ್ಚಿಟ್ಟು ಕೆಳಗೆ ವಾಕಿಂಗ್ ಹೋದದ್ದೇ ಗಿರಿಧರ್ ಪ್ಯಾಂಟು ಮಡಿಚಿಕೊಂಡು ನಿಂತ. ಒಂದು ಕೆಗ್‌ನಲ್ಲಿದ್ದ ಬಿಯರನ್ನು ಇನ್ನೊಂದಕ್ಕೆ ದಾಟಿಸಬೇಕಿತ್ತು. ಸುಮ್ಮನೆ ಬಗ್ಗಿಸಿದರೆ ಗಾಳಿ ತಗುಲಿ ಕೆಡುತ್ತದೆ. ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್‌ನ ಒತ್ತಡ ಕೊಟ್ಟು ಪೈಪಿನ ಮೂಲಕ ತಳ್ಳಬೇಕು, ಆ ಕಡೆಯ ಕೆಗ್‌ನ ವಾಲ್ವ್ ಸಡಿಲಿಸಿ ಒಳಗಿದ್ದ ಗ್ಯಾಸನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಬಿಡಬೇಕು.

"ಕಿಟಕಿ ಆದ್ರೂ ಓಪನ್ ಇಡ್ರೀ. ಅಷ್ಟು ಚಿಕ್ಕ ರೂಮು, ಗ್ಯಾಸ್ ತುಂಬ್ಕೊಂಡ್ರೆ?"

"ಸ್ಮೆಲ್ ಹೊರಗೆ ಹೋದ್ರೆ ಆಂಟಿ ಕಂಪ್ಲೇಂಟ್ ಮಾಡ್ತಾಳೆ. ಅಮ್ಮನ ದೀಪ ಇದೆಯಲ್ಲ, ಅದೇ ನನ್ನ ಮೀಟರು. ಈ ಗ್ಯಾಸ್ ಮೊದಲು ನೆಲದಲ್ಲೇ ತುಂಬೋದು. ದೀಪ ಆರಿದ್ರೆ ನಾನು ಎದ್ದು ಬರ್ತೀನಿ. ಸಿಂಪಲ್."

"ನೀವು ನೋಡ್ದೇ ಹೋದ್ರೆ?"

"ನಾನೇನು ಕುರುಡನಾ? ಅಮ್ಮ ಬೇಗ ಬಂದ್ರೆ ಮಾತಾಡಿಸ್ತಾ ಕೂರಿಸ್ಕೋ, ಅಷ್ಟು ಸಾಕು."

ಪ್ಲಾಸ್ಟಿಕ್ಕಿನ ಮಡಿಚುವ ಬಾಗಿಲೆಳೆದು ಒಳಗಿನಿಂದ ಚಿಲಕ ಹಾಕಿಕೊಂಡ. ಬಾಗಿಲಡಿಯ ಸಂದಿಗೆ ಒದ್ದೆ ಟವೆಲ್ ಬಂತು. ಆಮೇಲೆ ಸುಸ್ ಎಂಬ ಸದ್ದು. ಮೈಥಿಲಿ ಅಡುಗೆಮನೆಯಲ್ಲಿ ನಿಂತು ಆ ಸದ್ದನ್ನೇ ಕೇಳುತ್ತಿದ್ದಳು. ಸದ್ದಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಆದರೂ ಹೋಗಿ ಬಾಗಿಲು ಬಡಿಯಲೇ ಎಂದುಕೊಳ್ಳುವಷ್ಟರಲ್ಲಿ ಅತ್ತೆ ಬಂದೇಬಿಟ್ಟರು.

"ಮೋಡ ಆಗಿದೆ ಕಣೇ, ಬಟ್ಟೆ ತೆಗೀಬೇಕು" ಎನ್ನುತ್ತಾ ಅವರು ಅಡುಗೆಮನೆಯ ಹಿಂದಿನ ಜಾಗಕ್ಕೆ ನಡೆದರು. ಸ್ಟೋರ್ ರೂಮಿನ ಗಾಜುಪಟ್ಟಿಯ ಕಿಟಕಿ ಇರುವುದು ಅಲ್ಲೇ. ಅತ್ತೆ ಕಿಟಕಿಗೆ ಹಣೆ ತಾಗಿಸಿ, ದೇವರ ಗೋಡೆಯಷ್ಟೇ ಕಾಣುವ ಸಂದಿಯಲ್ಲಿ ಇಣುಕಿದರು.

"ಅಯ್ಯೋ, ದೀಪ ದೊಡ್ಡದಾಗಿದೆಯಲ್ಲೇ!"

ಮೈಥಿಲಿಗೆ ಹೋದ ಜೀವ ಬಂದಂತಾಯಿತು. ದೀಪ ದೊಡ್ಡದಾಗಿ ಉರಿಯುತ್ತಿದೆ, ಒಳಗೆ ಗಾಳಿ ಧಾರಾಳವಾಗಿದೆ, ಸುಮ್ಮನೆ ಹೆದರಿ ಸತ್ತೆ ಎಂದುಕೊಂಡಳು.

"ಇರ್ಲಿ ಬಿಡಿ ಅತ್ತೆ, ಒಳ್ಳೇದೇ ಆಯ್ತು. ಕಾಫಿ ಕೊಡ್ತೀನಿ, ಕೂತ್ಕೊಳ್ಳಿ" ಎಂದು ನಗುತ್ತಲೇ ಹಾಲು ಒಲೆಯ ಮೇಲಿಟ್ಟಳು.

ಅತ್ತೆ ಒಣಗಿದ ಸೀರೆಗಳನ್ನು ತೆಕ್ಕೆಯಲ್ಲಿಟ್ಟುಕೊಂಡು ಬಂದು ಸೊಸೆಯ ಮುಖವನ್ನೇ ನೋಡಿದರು. "ಒಳ್ಳೇದೇ? ಮುಸ್ಸಂಜೇಲಿ ದೀಪ ದೊಡ್ಡದಾಗೋದು ಒಳ್ಳೇದೇನೇ? ಎಣ್ಣೆ ತುಂಬ ಹಾಕಿದ್ದೆ. ಹೋಗಿ ಮತ್ತೆ ಹಚ್ಚು, ಏಳು."

ಉರಿಯುವ ದೀಪವನ್ನು ಯಾರಾದರೂ ಹಚ್ಚುತ್ತಾರೆಯೇ?

ಕುಂಕುಮ ಹೆಚ್ಚಿದೆ. ದೀಪ ದೊಡ್ಡದಾಗಿದೆ. ಅತ್ತೆ ಎಂದೂ ದೀಪ ಆರಿತು ಎನ್ನುವುದಿಲ್ಲ!

"ರೀ!" ಎಂದು ಕಿರುಚಿದಳು. ಒಳಗೆ ಇನ್ನೂ ಸುಸ್ ಎನ್ನುತ್ತಲೇ ಇತ್ತು. ಓಡಿಹೋಗಿ ಬಾಗಿಲಿಗೆ ಒದ್ದಳು. ಎರಡನೆಯ ಒದೆತಕ್ಕೆ ಚಿಲಕ ಕಿತ್ತು ಬಂತು. ಸೋಡಾ ಕುಡಿದಾಗ ಮೂಗಿಗೇರುವ ಜುಮ್ಮು ಮುಖಕ್ಕೇ ರಾಚಿತು. ಸಿಲಿಂಡರಿನ ಪೈಪು ಕೆಗ್‌ನಿಂದ ಕಳಚಿ ನೆಲದ ಮೇಲೆ ಗ್ಯಾಸ್ ಕಾರುತ್ತಿತ್ತು. ಗಿರಿಧರ್ ಮಗ್ಗುಲಾಗಿ ಬಿದ್ದಿದ್ದ. ಉಸಿರು ಬಿಗಿಹಿಡಿದು, ಅವನ ಎರಡೂ ಕಾಲು ಹಿಡಿದು ದರದರ ಎಳೆದಳು. ಅಡುಗೆಮನೆ ದಾಟಿಸಿ ಹಾಲ್‌ನ ಕಿಟಕಿಯ ಕೆಳಗೆ ತಂದು ಹಾಕುವಷ್ಟರಲ್ಲಿ ಅವಳ ಕಣ್ಣಿಗೂ ಕತ್ತಲೆ ಬಂದಿತ್ತು.

ಅತ್ತೆ ಮಗನ ಮೂಗಿನ ಹತ್ತಿರ ಬೆರಳು ಹಿಡಿದರು. "ಇದೆ ಕಣೇ. ಉಸಿರಿದೆ."

ಅತ್ತೆಯ ಬಾಯಲ್ಲಿ ಇದೆ ಎಂದರೆ ಏನರ್ಥ? ಖಾಲಿಯಾದದ್ದನ್ನು ಹೆಚ್ಚಿದೆ ಅನ್ನುವವರು, ಹೋದ ಉಸಿರಿಗೆ ಏನನ್ನುತ್ತಾರೆ?

"ಅತ್ತೆ, ನೆಟ್ಟಗೆ ಹೇಳಿ! ಇದೆಯೋ ಇಲ್ವೋ?"

ಸತ್ಯವತಿ ಮತ್ತೆ ಮಗನ ಮೂಗಿಗೆ ಬೆರಳು ಹಿಡಿದರು. ಮೈಥಿಲಿ ಅವರ ಕೈ ತಳ್ಳಿ ಗಂಡನ ಎದೆಗೆ ಕಿವಿಯಿಟ್ಟಳು. ತನ್ನದೇ ರಕ್ತದ ಭೋರಾಟ ಬಿಟ್ಟರೆ ಏನೂ ಕೇಳಿಸಲಿಲ್ಲ. ಆಮೇಲೆ ಕೆನ್ನೆಯ ಕೆಳಗೆ ಅವನ ಎದೆ ಒಮ್ಮೆ ಮೇಲೆದ್ದಿತು. ಇನ್ನೊಮ್ಮೆ ಎದ್ದಿತು. ಅವಳು ಗಟ್ಟಿಯಾಗಿ ಅತ್ತುಬಿಟ್ಟಳು.

ಅಳುತ್ತಲೇ ಫೋನ್ ಎತ್ತಿ ಆಂಬುಲೆನ್ಸಿಗೆ ತಿರುಗಿಸಿದಳು. ಗಿರಿಧರ್ ಅರೆಗಣ್ಣು ಬಿಟ್ಟು, "ಬೇಡ... ಪಿ.ಆರ್. ರಿಜೆಕ್ಟ್..." ಎಂದು ತೊದಲಿದ. ಅತ್ತ ಕಡೆಯವನು ಏನಾಯಿತೆಂದು ಕೇಳುತ್ತಿದ್ದ. ನೀರಿನ ಫಿಲ್ಟರ್ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಯಾವ ಗ್ಯಾಸೆಂದು ಗೊತ್ತಾಗದೆ ಡಾಕ್ಟರು ಏನು ಮಾಡಿಯಾರು?

"ಮೈ ಹಸ್ಬೆಂಡ್ ವಾಸ್ ಮೇಕಿಂಗ್ ಬಿಯರ್ ಅಟ್ ಹೋಮ್" ಎಂದಳು. "ಕಾರ್ಬನ್ ಡೈಆಕ್ಸೈಡ್. ಪ್ಲೀಸ್ ಕಮ್ ಫಾಸ್ಟ್."

ಬಿಯರ್ ಎಂಬುದಷ್ಟು ಸತ್ಯವತಿಗೂ ಅರ್ಥವಾಯಿತು. ಮಗನ ಮುಖ ಒರೆಸುತ್ತಿದ್ದ ಕೈ ಗಕ್ಕನೆ ನಿಂತಿತು. ಆಮೇಲೆ ಮತ್ತೆ ಒರೆಸತೊಡಗಿದರು.

"ಮನೆ ನಂಬರ್ ಸರಿಯಾಗಿ ಹೇಳೇ" ಎಂದರು.